ಕೈಯಲ್ಲಿ ಎರಡು ಮಾಯೆಯ ಕಾದಂಬರಿ: ಯಾವುದನ್ನು ಮನೆಗೆ ಒಯ್ಯುವುದು?

ಶನಿವಾರ ಸಂಜೆ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಇಂಥವರು ಒಬ್ಬರಾದರೂ ಸಿಗುತ್ತಾರೆ. ಒಂದು ಕೈಯಲ್ಲಿ ಮಾರ್ಕೆಸ್, ಇನ್ನೊಂದರಲ್ಲಿ ಉಂಬರ್ಟೊ ಎಕೊ, ಕಂಕುಳಲ್ಲಿ ರಶ್ದಿ. ಮೂರರ ಹಿಂಬದಿಯಲ್ಲೂ ಹೆಚ್ಚುಕಮ್ಮಿ ಒಂದೇ ಮಾತು: ಇತಿಹಾಸ ಇದೆ, ರಹಸ್ಯ ಇದೆ, ಮಾಯೆ ಇದೆ. ಸ್ವಲ್ಪ ಹೊತ್ತು ನಿಂತು ಯೋಚಿಸಿ, ಯಾವುದಕ್ಕೆ ದೊಡ್ಡ ಪ್ರಶಸ್ತಿ ಬಂದಿದೆಯೋ ಅದನ್ನು ಬಿಲ್ ಮಾಡಿಸುತ್ತಾರೆ. ಅರವತ್ತನೇ ಪುಟದ ಹತ್ತಿರ ಬಿಎಂಟಿಸಿ ಟಿಕೆಟ್ ಸಿಕ್ಕಿಸಿ ಪಕ್ಕಕ್ಕಿಟ್ಟರೆ ಮುಗೀತು, ಪುಸ್ತಕ ಮತ್ತೆ ತೆರೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು. ಈ ಜಾತಿಯ ಕಾದಂಬರಿಗಳಲ್ಲಿ ಮೊದಲ ಅರವತ್ತು ಪುಟ ಮಾತ್ರ ಮಾಸಿರುತ್ತವೆ, ಮಿಕ್ಕಿದ್ದು ಹೊಸದರ ಹಾಗೇ ಇರುತ್ತದೆ.

ಮಾಯೆ ಎಷ್ಟಿದೆ ಅಂತ ನೋಡಿ ಆರಿಸಿದರೆ ಹೀಗೇ ಆಗುತ್ತದೆ. ಆ ಮಾಯೆಯನ್ನು ಪುಸ್ತಕದೊಳಗೆ ಯಾರು ನಂಬುತ್ತಾರೆ, ಯಾರು ನಂಬುವುದಿಲ್ಲ ಅಂತ ನೋಡಿ. ನನ್ನ ಸಲಹೆಯ ತಿರುಳು ಇಷ್ಟೇ. ಮುಂದಿನದೆಲ್ಲ ಅದನ್ನು ಅಂಗಡಿಯಲ್ಲಿ ನಿಂತೇ ಪತ್ತೆ ಮಾಡುವ ದಾರಿ.

ಮೊದಲು ಗುಂಪು ಬೇರೆ ಮಾಡಿ

ಅಂಗಡಿಯವರು ಒಂದೇ ಕಪಾಟಿನಲ್ಲಿ ಇಟ್ಟಿರಬಹುದು. ಆದರೆ ಇಲ್ಲಿ ಮೂರು ಬೇರೆ ಬೇರೆ ಬಗೆಯ ಪುಸ್ತಕಗಳು ಕಲೆತಿರುತ್ತವೆ.

ಒಂದು, ನಿಜವಾದ ಮ್ಯಾಜಿಕಲ್ ರಿಯಲಿಸಂ. ಇಲ್ಲಿ ವಿಚಿತ್ರ ನಡೆಯುತ್ತದೆ, ಯಾರೂ ವಿವರಣೆ ಕೊಡುವುದಿಲ್ಲ. ಜರ್ಮನಿಯ ಕಲಾವಿಮರ್ಶಕ ಫ್ರಾನ್ಸ್ ರೋ 1925ರಲ್ಲಿ ಈ ಹೆಸರನ್ನು ಬಳಸಿದ್ದು ಚಿತ್ರಕಲೆಯ ಬಗ್ಗೆ. ಆಮೇಲೆ ಅದು ಲ್ಯಾಟಿನ್ ಅಮೆರಿಕದ ಕಾದಂಬರಿಗಳಿಗೆ ಅಂಟಿಕೊಂಡಿತು.

ಎರಡು, ಗುಟ್ಟು ಬಿಡಿಸುವ ಕಾದಂಬರಿ. ಹಳೇ ಓಲೆಗರಿ, ಗುಪ್ತ ಸಂಘ, ಶಾಸನದಲ್ಲಿ ಅಡಗಿದ ಸುಳಿವು. ಕೊನೆಯ ಹೊತ್ತಿಗೆ ಉತ್ತರ ಸಿಗಲೇಬೇಕು, ಇಲ್ಲದಿದ್ದರೆ ಓದುಗ ಬೈಯುತ್ತಾನೆ. ಕನ್ನಡದಲ್ಲಿ ಕೆ.ಎನ್. ಗಣೇಶಯ್ಯ ಅವರ 'ಕನಕ ಮುಸುಕು', 'ಕರಿಸಿರಿಯಾನ' ಈ ಗುಂಪಿಗೆ ಸೇರುತ್ತವೆ. ಗಣೇಶಯ್ಯ ನಮ್ಮ ಜಿಕೆವಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದವರು, ಕಾದಂಬರಿಗೂ ಅಡಿಟಿಪ್ಪಣಿ ಹಾಕುತ್ತಾರೆ. ಅದರ ಮಜವೇ ಬೇರೆ. ಆದರೆ ಅದನ್ನು ಮಾರ್ಕೆಸ್ ಥರ ಇರುತ್ತದೆ ಅಂದುಕೊಂಡು ಓದಬಾರದು, ಮಾರ್ಕೆಸ್‌ನನ್ನು ಅದರ ಥರ ಅಂದುಕೊಂಡೂ ಓದಬಾರದು.

ಮೂರು, ಸಾಧನೆಯ ಕಾದಂಬರಿ. ಯೋಗ, ತಂತ್ರ, ರಸವಿದ್ಯೆ, ಗುರುವನ್ನು ಹುಡುಕಿಕೊಂಡು ಅಲೆಯುವುದು. ಎಸ್.ಎಲ್. ಭೈರಪ್ಪನವರ 'ಸಾರ್ಥ' 8ನೇ ಶತಮಾನದ ಕಥೆ. ಮಂಡನ ಮಿಶ್ರ ಮತ್ತು ಶಂಕರರ ವಾದ ಇದೆ, ತಂತ್ರ ಸಾಧನೆಯೂ ಇದೆ. ಪಾವ್ಲೊ ಕೊಯೆಲೊನ 'ದಿ ಆಲ್ಕೆಮಿಸ್ಟ್' ಇದೇ ಗುಂಪಿನ ಹಗುರ ತುದಿ. ನನಗೆ ಅದು ನೀತಿಕಥೆಯಾಗಿ ಕಾಣುತ್ತದೆ, ಕಾದಂಬರಿಯಾಗಿ ಅಲ್ಲ. ಇಷ್ಟಪಟ್ಟವರ ಹತ್ತಿರ ಜಗಳ ಆಡುವಷ್ಟು ಕೋಪವೇನಿಲ್ಲ.

ನಿಮಗೆ ಈಗ ಬೇಕಾಗಿರುವುದು ಯಾವ ಗುಂಪು? ಇಷ್ಟು ತಿಳಿದರೆ ಅರ್ಧ ಕೆಲಸ ಆದ ಹಾಗೆ.

ಮೊದಲ ವಿಚಿತ್ರ ಎಲ್ಲಿದೆ ಹುಡುಕಿ

ಪುಸ್ತಕ ತೆರೆದು ಮೊದಲ ಮೂವತ್ತು ನಲವತ್ತು ಪುಟಗಳ ಮೇಲೆ ಕಣ್ಣಾಡಿಸಿ. ಲೋಕದಲ್ಲಿ ನಡೆಯದಂಥದ್ದು ಒಂದಾದರೂ ನಡೆದಿರುತ್ತದೆ. ಅಲ್ಲಿ ನಿಂತುಕೊಳ್ಳಿ. ಏನು ನಡೆಯಿತು ಅನ್ನುವುದನ್ನು ಬಿಡಿ, ಪಕ್ಕದಲ್ಲಿದ್ದವರು ಏನು ಮಾಡಿದರು ಅಂತ ನೋಡಿ.

ಮಾರ್ಕೆಸ್‌ನ 'ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್' 1967ರಲ್ಲಿ ಬಂತು. ಅದರಲ್ಲಿ ರೆಮೆದಿಯೋಸ್ ಅನ್ನುವ ಅತಿ ಚೆಲುವೆ ಇದ್ದಾಳೆ. ಒಂದು ಮಧ್ಯಾಹ್ನ ಹೆಂಗಸರೆಲ್ಲ ಸೇರಿ ಒಗೆದ ಬೆಡ್‌ಶೀಟ್ ಮಡಚುತ್ತಿರುವಾಗ ಅವಳು ಮೆಲ್ಲಗೆ ಮೇಲಕ್ಕೆ ಏರಿ ಆಕಾಶಕ್ಕೆ ಹೋಗಿಬಿಡುತ್ತಾಳೆ. ಜೊತೆಗೆ ಬೆಡ್‌ಶೀಟೂ ಹೋಗುತ್ತದೆ. ಮನೆಯ ಸೊಸೆ ಫೆರ್ನಾಂಡಾಗೆ ಹೊಟ್ಟೆಕಿಚ್ಚು. ಕೊನೆಗೆ ಪವಾಡವನ್ನು ಒಪ್ಪಿಕೊಳ್ಳುತ್ತಾಳೆ, ಆದರೆ ಬೆಡ್‌ಶೀಟ್ ವಾಪಸ್ ಕಳಿಸಪ್ಪಾ ಅಂತ ದೇವರನ್ನು ಬೇಡಿಕೊಳ್ಳುವುದನ್ನು ಮಾತ್ರ ಬಿಡುವುದಿಲ್ಲ. ಹುಡುಗಿ ಹೋದಳಲ್ಲ ಅನ್ನುವುದಕ್ಕಿಂತ ಬಟ್ಟೆ ಹೋಯಿತಲ್ಲ ಅನ್ನುವ ಸಂಕಟ. ಇದನ್ನು ಓದಿ ನಿಮಗೆ ನಗು ಬಂದರೆ ಈ ಪುಸ್ತಕ ನಿಮ್ಮದು. 'ಅದು ಹೇಗೆ ಸಾಧ್ಯ?' ಅಂತ ಕಿರಿಕಿರಿ ಆದರೆ ಎರಡನೇ ಗುಂಪಿಗೆ ಹೋಗಿ, ಅಲ್ಲಿ ಸುಖವಾಗಿರುತ್ತೀರಿ.

ಬೆಂಗಳೂರಿನವರಿಗೆ ಈ ಮನಸ್ಥಿತಿ ಹೊಸದೇನಲ್ಲ. ಚೈತ್ರ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಹೊತ್ತವರು ಹೆಣ್ಣಿನ ಅಲಂಕಾರದಲ್ಲಿರುತ್ತಾರೆ, ಸುತ್ತ ವೀರಕುಮಾರರ ಕತ್ತಿಗಳು. ದಾರಿಯಲ್ಲಿ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಗುಂಪಿನಲ್ಲಿ ಒಬ್ಬರು ದ್ರೌಪದಮ್ಮನೇ ಬಂದಳು ಅಂತ ಮಲ್ಲಿಗೆ ಎರಚುತ್ತಾ ಇರುತ್ತಾರೆ. ಪಕ್ಕದವರು ಸ್ಕೂಟರ್ ಎಲ್ಲಿ ನಿಲ್ಲಿಸಿದೆ ಅಂತ ಯೋಚಿಸುತ್ತಾ ಇರುತ್ತಾರೆ. ಇಬ್ಬರೂ ಕೈ ಮುಗಿಯುತ್ತಾರೆ. ಮ್ಯಾಜಿಕಲ್ ರಿಯಲಿಸಂ ಕೇಳುವುದು ಇಷ್ಟನ್ನೇ.

ಈ ಪರೀಕ್ಷೆಗೆ ಇನ್ನೂ ಒಳ್ಳೆಯ ಉದಾಹರಣೆ ಅಲೆಹೊ ಕಾರ್ಪೆಂಟಿಯರ್ 1949ರಲ್ಲಿ ಬರೆದ 'ದಿ ಕಿಂಗ್‌ಡಮ್ ಆಫ್ ದಿಸ್ ವರ್ಲ್ಡ್'. ಹೈತಿಯ ಗುಲಾಮರ ಬಂಡಾಯದ ಕಥೆ. ಮಕಂದಾಲ್ ಅನ್ನುವವನು ಇತಿಹಾಸದಲ್ಲಿ ನಿಜಕ್ಕೂ ಇದ್ದ ಬಂಡಾಯಗಾರ. ತೋಟದ ಮಾಲೀಕರಿಗೆ ವಿಷ ಹಾಕಿಸಿದನೆಂದು ಫ್ರೆಂಚರು 1758ರಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಕಾದಂಬರಿಯಲ್ಲಿ ಆ ದಿನ ಚೌಕದ ತುಂಬ ಜನ. ಹಗ್ಗ ಬಿಚ್ಚಿಕೊಂಡು ಮಕಂದಾಲ್ ಮೇಲಕ್ಕೆ ಹಾರಿದ್ದನ್ನು ಗುಲಾಮರು ಕಣ್ಣಾರೆ ಕಾಣುತ್ತಾರೆ. ಗದ್ದಲವೋ ಗದ್ದಲ. ಆ ಗದ್ದಲದಲ್ಲಿ ಸೈನಿಕರು ಅವನನ್ನು ಹಿಡಿದು ಮತ್ತೆ ಬೆಂಕಿಗೆ ತಳ್ಳಿದ್ದನ್ನು ನೋಡಿದವರು ಬಹಳ ಕಡಿಮೆ. ಗುಲಾಮರು ಆ ಸಂಜೆ ನಗುತ್ತಾ ತೋಟಕ್ಕೆ ಮರಳುತ್ತಾರೆ. ಇವರಿಗೆ ದುಃಖವೇ ಇಲ್ಲವಲ್ಲ ಅಂತ ಮಾಲೀಕರು ಬೆರಗಾಗುತ್ತಾರೆ.

ಒಂದೇ ಘಟನೆ. ಒಬ್ಬರು ಸಾವು ನೋಡಿದರು, ಇನ್ನೊಬ್ಬರು ಬಿಡುಗಡೆ ನೋಡಿದರು. ಮುಂದೆ 1804ರಲ್ಲಿ ಹೈತಿ ಸ್ವತಂತ್ರವಾಯಿತು. ಹಾಗಾದರೆ ಮಾಯೆಯನ್ನು ನಂಬಿದವರು ಮೂರ್ಖರೇ? ಈ ಜಾತಿಯ ಒಳ್ಳೆಯ ಪುಸ್ತಕ ಓದುಗನನ್ನು ಇಂಥ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಸುಮ್ನೆ ಅಲಂಕಾರಕ್ಕೆ ಹಾರುವ ಜನರನ್ನು ತುಂಬಿದ ಪುಸ್ತಕ ನಿಲ್ಲಿಸುವುದಿಲ್ಲ. ಕಣ್ಣಾಡಿಸುವಾಗ ಈ ವ್ಯತ್ಯಾಸ ಕಂಡುಬಿಡುತ್ತದೆ.

ಒಂದು ಕಾಲು ಊರಿರುವ ಇತಿಹಾಸ ಆರಿಸಿ

ಇತಿಹಾಸ ಇರುವ ಕಾದಂಬರಿಗೆ ಇತಿಹಾಸವೇ ನೆಲ. ಯಾವುದು ನಿಜ ಅಂತ ಗೊತ್ತಿದ್ದರೆ ತಾನೇ ಲೇಖಕ ಎಲ್ಲಿ ತಿರುಚಿದ ಅಂತ ಗೊತ್ತಾಗುವುದು? ಅದಕ್ಕೇ ಮೊದಲ ಪುಸ್ತಕಕ್ಕೆ ಮಾರ್ಕೆಸ್‌ನ ಕೊಲಂಬಿಯಾವೇ ಬೇಕು ಅಂತ ಹಟ ಬೇಡ. ನಮ್ಮ ಹಂಪಿಯಿಂದ ಶುರು ಮಾಡಿ.

ರಶ್ದಿಯ 'ವಿಕ್ಟರಿ ಸಿಟಿ' 2023ರ ಫೆಬ್ರವರಿಯಲ್ಲಿ ಬಂತು. ವಿಜಯನಗರವೇ ಅಲ್ಲಿ ಬಿಸ್ನಗ. ಹುಕ್ಕ ಮತ್ತು ಬುಕ್ಕ ಅನ್ನುವ ದನಗಾಹಿ ಅಣ್ಣತಮ್ಮಂದಿರಿಗೆ ಪಂಪಾ ಕಂಪನಾ ಅನ್ನುವವಳು ಒಂದು ಚೀಲ ಬೀಜ ಕೊಡುತ್ತಾಳೆ. ಬಿತ್ತಿದರೆ ಊರೇ ಎದ್ದು ನಿಲ್ಲುತ್ತದೆ: ಕೋಟೆ, ಗುಡಿ, ಸೈನಿಕರು, ವ್ಯಾಪಾರಿಗಳು. ಆದರೆ ನೆಲದಿಂದ ಎದ್ದ ಆ ಜನಕ್ಕೆ ನೆನಪೇ ಇಲ್ಲ. ತಾವು ಯಾರು, ಅಪ್ಪ ಅಮ್ಮ ಯಾರು, ಏನೂ ಗೊತ್ತಿಲ್ಲ. ಆಗ ಪಂಪಾ ಒಬ್ಬೊಬ್ಬರ ಕಿವಿಯಲ್ಲಿ ಅವರ ಹಿಂದಿನ ಕಥೆ ಪಿಸುಗುಡುತ್ತಾಳೆ. ಆಕೆ ಬದುಕುವುದು 247 ವರ್ಷ. ಊರು ಹುಟ್ಟಿದ್ದರಿಂದ ಹಾಳಾಗುವವರೆಗೆ ಎಲ್ಲ ನೋಡುತ್ತಾಳೆ.

ಇದನ್ನು ಓದುವಾಗ ಕನ್ನಡದವರಿಗೆ ಒಂದು ಅನುಕೂಲ ಇದೆ. ಲಂಡನ್ನಿನ ಓದುಗನಿಗೆ ಬಿಸ್ನಗ ಪೂರ್ತಿ ಕಲ್ಪನೆ. ನಮಗೆ 1336 ಗೊತ್ತು, 1565ರ ತಾಳಿಕೋಟೆ ಗೊತ್ತು, ಪಂಪಾ ಅಂದರೆ ಹಂಪಿಯ ದೇವಿ ಅಂತ ಗೊತ್ತು. ಕುದುರೆ ಮಾರುವ ದೊಮಿಂಗೊ ನುನೆಸ್ ಬಂದಾಗ, ಇದು ಪೋರ್ಚುಗೀಸ್ ಪ್ರವಾಸಿಗಳಾದ ದೊಮಿಂಗೊ ಪಾಯಸ್ ಮತ್ತು ಫೆರ್ನಾವೊ ನುನಿಜ್ ಇಬ್ಬರನ್ನೂ ಸೇರಿಸಿ ಮಾಡಿದ ಪಾತ್ರ ಅಂತ ಶಾಲೆಯ ಪಾಠ ನೆನಪಿರುವವರಿಗೂ ಹೊಳೆಯುತ್ತದೆ. ಇಂಥ ಚಿಕ್ಕ ಚಿಕ್ಕ ಖುಷಿಗಳು ಈ ಪುಸ್ತಕದಲ್ಲಿ ಜಾಸ್ತಿ. ಒಂದು ದೂರು ಇದೆ: ಎರಡನೇ ಅರ್ಧದಲ್ಲಿ ರಾಜರು ಬಂದು ಹೋಗುವ ವೇಗ ಹೆಚ್ಚಾಗಿ, ಪಾತ್ರಗಳು ತೆಳುವಾಗುತ್ತವೆ.

ಇದಕ್ಕೆ ಎದುರಾಗಿ ವಸುಧೇಂದ್ರರ 'ತೇಜೋ ತುಂಗಭದ್ರಾ' ಇಡಿ. 2019ರಲ್ಲಿ ಬಂದದ್ದು. ತೇಜೋ ಲಿಸ್ಬನ್ನಿನ ನದಿ, ತುಂಗಭದ್ರಾ ನಮ್ಮದು. ಅದೇ ವಿಜಯನಗರ, ಅದೇ ಪೋರ್ಚುಗೀಸರು. ಆದರೆ ಇಲ್ಲಿ ಬೀಜದಿಂದ ಊರು ಬೆಳೆಯುವುದಿಲ್ಲ. ಸತಿ ಹೋಗುವ ಹೆಂಗಸು, ಲಿಸ್ಬನ್ನಿನಲ್ಲಿ ಹಿಂಸೆಗೆ ಸಿಕ್ಕ ಯಹೂದಿಗಳು, ಹಡಗಿನ ಕೊಳಕು, ಎಲ್ಲ ನೇರ ನೇರ. ಎರಡನ್ನೂ ಒಂದರ ಹಿಂದೆ ಒಂದು ಓದಿದರೆ ನಿಮ್ಮ ರುಚಿ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಮೊದಲು ವಸುಧೇಂದ್ರ, ಆಮೇಲೆ ರಶ್ದಿ ಅನ್ನುತ್ತೇನೆ. ಗಟ್ಟಿ ನೆಲ ನೋಡಿದ ಮೇಲೆ ಅದರ ಮೇಲಿನ ಮೋಡ ನೋಡುವುದು ಚೆಂದ.

ಗೊತ್ತಿಲ್ಲದ ದೇಶದ ಪುಸ್ತಕವೇ ಬೇಕು ಅಂತಿದ್ದರೆ ಓದುವ ಮುಂಚೆ ಅರ್ಧ ಗಂಟೆ ಮೀಸಲಿಡಿ. ಮಾರ್ಕೆಸ್‌ಗೆ ಮೊದಲು 1928ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಸಿಯೆನಗಾದಲ್ಲಿ ನಡೆದದ್ದನ್ನು ತಿಳಿದುಕೊಳ್ಳಿ. ಯುನೈಟೆಡ್ ಫ್ರೂಟ್ ಕಂಪನಿಯ ಬಾಳೆತೋಟದ ಕೂಲಿಗಳು ಮುಷ್ಕರ ಹೂಡಿದ್ದರು, ಸೈನ್ಯ ಗುಂಡು ಹಾರಿಸಿತು. ಎಷ್ಟು ಜನ ಸತ್ತರು ಅನ್ನುವುದರ ಬಗ್ಗೆ ಇವತ್ತಿಗೂ ಒಂದೇ ಮಾತಿಲ್ಲ. ಟೋನಿ ಮಾರಿಸನ್‌ರ 'ಬಿಲವೆಡ್'ಗೆ ಮೊದಲು 1856ರ ಮಾರ್ಗರೆಟ್ ಗಾರ್ನರ್ ಪ್ರಕರಣ ಓದಿ. ಗುಲಾಮಗಿರಿಗೆ ಮರಳಿ ಕಳಿಸುವುದಕ್ಕಿಂತ ಸಾವೇ ಮೇಲು ಅಂತ ಸ್ವಂತ ಮಗುವನ್ನು ಕೊಂದ ತಾಯಿ ಆಕೆ. ಇಸಾಬೆಲ್ ಅಯೆಂದೆಯ 'ದಿ ಹೌಸ್ ಆಫ್ ದಿ ಸ್ಪಿರಿಟ್ಸ್'ಗೆ 1973ರಲ್ಲಿ ಚಿಲಿಯಲ್ಲಿ ನಡೆದ ಸೈನಿಕ ದಂಗೆಯ ಬಗ್ಗೆ ತಿಳಿದರೆ ಸಾಕು. ಇಷ್ಟು ಮಾಡಿಕೊಂಡರೆ ಅರವತ್ತನೇ ಪುಟದ ಗೋಡೆ ದಾಟಬಹುದು.

ನಮ್ಮ ಓದುವ ಗುಂಪಿನಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಲೆಕ್ಕ ಸರಿಹೋಗದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಮಾರ್ಕೆಸ್ ಓದಿ ಬಂದವರು ಕೇಳಿದ್ದು, 'ಅಲ್ಲಮ್ಮಾ, ಮೂರು ಸಾವಿರ ಜನ ಸತ್ತದ್ದು ನಿಜಾನಾ, ಇಲ್ಲ ಅವನು ಹೇಳೋದಾ?' ಕಾದಂಬರಿಯಲ್ಲಿ ಹೆಣ ತುಂಬಿದ ರೈಲಿನಿಂದ ಹಾರಿ ತಪ್ಪಿಸಿಕೊಂಡ ಒಬ್ಬ ಇದೇ ಸಂಖ್ಯೆ ಹೇಳುತ್ತಾನೆ. ಊರಿನವರು ಏನೂ ಆಗೇ ಇಲ್ಲ ಅನ್ನುತ್ತಾರೆ. 'ಸರ್, ಆ ಪ್ರಶ್ನೆ ಕೇಳಿಸೋಕೇ ಅವನು ಬರೆದಿದ್ದು' ಅಂದೆ. 'ಹಾಗಾದ್ರೆ ಲೆಡ್ಜರ್ ಸುಟ್ಟವರು ಯಾರು ಅಂತ ನೋಡಬೇಕು' ಅಂದರು. ಆ ಪುಸ್ತಕದ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆಗಳಲ್ಲಿ ಇದೂ ಒಂದು. ಗಮನಿಸಿ, ಹುಡುಗಿ ಆಕಾಶಕ್ಕೆ ಹೋದದ್ದನ್ನು ಆ ಊರು ನಂಬುತ್ತದೆ. ಗುಂಡೇಟನ್ನು ನಂಬುವುದಿಲ್ಲ.

ಗುಟ್ಟಿನ ಪುಸ್ತಕಗಳಲ್ಲಿ ನಂಬಿಕೆ ಯಾರದು?

ಯಹೂದಿಗಳ ಗೂಢವಿದ್ಯೆಯಾದ ಕಬ್ಬಾಲಾ, ರಸವಿದ್ಯೆ, ಟೆಂಪ್ಲರ್‌ಗಳು ಅನ್ನುವ ಮಧ್ಯಯುಗದ ಕ್ರೈಸ್ತ ಯೋಧರ ಸಂಘ, ಗುಪ್ತ ಪಂಥ. ಈ ಬಗೆಯಲ್ಲಿ ಕೆಟ್ಟ ಪುಸ್ತಕಗಳು ರಾಶಿ ರಾಶಿ. ಇಲ್ಲೂ ಅದೇ ಪ್ರಶ್ನೆ ಕೈ ಹಿಡಿಯುತ್ತದೆ. ಲೇಖಕ ನಿಮ್ಮನ್ನೇ ನಂಬಿಸಲು ಹೊರಟಿದ್ದಾನಾ? ಹಾಗಿದ್ದರೆ ಪುಸ್ತಕ ಕೆಳಗಿಡಿ. ನಂಬಿದವರ ಪಾಡು ಏನಾಯಿತು ಅಂತ ತೋರಿಸುತ್ತಿದ್ದಾನಾ? ಇಟ್ಟುಕೊಳ್ಳಿ.

ಎಕೊನ 'ಫೂಕೋಸ್ ಪೆಂಡ್ಯುಲಮ್' 1988ರದ್ದು. ಮಿಲಾನ್‌ನ ಪ್ರಕಾಶನ ಸಂಸ್ಥೆಯೊಂದರಲ್ಲಿ ಮೂವರು ಸಂಪಾದಕರಿಗೆ ದಿನಾ ಹುಚ್ಚುಹುಚ್ಚಾದ ಗುಪ್ತವಿದ್ಯೆಯ ಹಸ್ತಪ್ರತಿ ಓದಿ ಓದಿ ಸಾಕಾಗಿದೆ. ತಮಾಷೆಗೆ, ಜಗತ್ತಿನ ಎಲ್ಲ ಗುಪ್ತ ಸಂಘಗಳನ್ನೂ ಒಂದೇ ಸಂಚಿಗೆ ಪೋಣಿಸುತ್ತಾರೆ. ಕಟ್ಟಿದವರಿಗೆ ನಂಬಿಕೆ ಇಲ್ಲ. ಆದರೆ ಹೊರಗೆ ನಂಬುವವರು ಹುಟ್ಟಿಕೊಳ್ಳುತ್ತಾರೆ. ವಾಟ್ಸಾಪ್ ಫಾರ್ವರ್ಡ್ ನೋಡಿದವರಿಗೆ ಇದು ಹೊಸದಾಗಿ ಅರ್ಥ ಆಗುತ್ತದೆ. ಇದು ಮ್ಯಾಜಿಕಲ್ ರಿಯಲಿಸಂ ಅಲ್ಲ. ಮೊದಲ ನೂರು ಪುಟ ಕಲ್ಲು ಮುಳ್ಳಿನ ದಾರಿ, ತಾಳ್ಮೆ ಬೇಕು.

ಓಲ್ಗಾ ತೊಕಾರ್ಚುಕ್‌ರ 'ದಿ ಬುಕ್ಸ್ ಆಫ್ ಜೇಕಬ್' ಇನ್ನೂ ದೊಡ್ಡದು. ಪೋಲಿಷ್‌ನಲ್ಲಿ 2014, ಇಂಗ್ಲಿಷ್‌ನಲ್ಲಿ 2021. ಯಹೂದಿಗಳು ಎದುರು ನೋಡುವ ರಕ್ಷಕ ಮೆಸ್ಸಾಯ ತಾನೇ ಅಂತ ಹೇಳಿಕೊಂಡು, ಹಿಂಬಾಲಕರನ್ನು ಕಟ್ಟಿಕೊಂಡು ಮತದಿಂದ ಮತಕ್ಕೆ ಹೋದ ಜೇಕಬ್ ಫ್ರಾಂಕ್ ಅನ್ನುವ 18ನೇ ಶತಮಾನದ ನಿಜವಾದ ವ್ಯಕ್ತಿಯ ಕಥೆ. ಪುಟದ ಸಂಖ್ಯೆಗಳು ಹಿಂದುಮುಂದಾಗಿ ಇಳಿಯುತ್ತಾ ಬರುತ್ತವೆ. ಇದರಲ್ಲಿ ಯೆಂತೆ ಅನ್ನುವ ಮುದುಕಿ ಇದ್ದಾಳೆ. ಮನೆಯಲ್ಲಿ ಮದುವೆ, ಅಜ್ಜಿ ಸಾಯುವ ಹಾಗಿದ್ದಾಳೆ, ಮದುವೆ ಮುಗಿಯುವವರೆಗೆ ತಡೆಯಲಿ ಅಂತ ತಾಯಿತ ಕಟ್ಟುತ್ತಾರೆ. ಅಜ್ಜಿ ಅದನ್ನು ನುಂಗಿಬಿಡುತ್ತಾಳೆ. ಅಲ್ಲಿಂದಾಚೆಗೆ ಸಾಯುವುದೂ ಇಲ್ಲ, ಬದುಕಿಯೂ ಇಲ್ಲ, ಮೇಲಿನಿಂದ ಎಲ್ಲವನ್ನೂ ನೋಡುತ್ತಾ ಇರುತ್ತಾಳೆ. ಮದುವೆ ಮನೆಯಲ್ಲಿ ಸೂತಕದ ಭಯ ಏನು ಅಂತ ಗೊತ್ತಿರುವ ನಮಗೆ ಇದು ಪೋಲೆಂಡ್ ಅನ್ನಿಸುವುದೇ ಇಲ್ಲ. ಆದರೆ 900ಕ್ಕೂ ಜಾಸ್ತಿ ಪುಟ. ಮೆಟ್ರೋದಲ್ಲಿ ನಿಂತು ಓದುವ ಪುಸ್ತಕ ಖಂಡಿತ ಅಲ್ಲ, ಕೈ ಬಿದ್ದುಹೋಗುತ್ತದೆ.

ಹತ್ತಿರದ್ದು ಬೇಕಾದರೆ ಅಮಿತಾವ್ ಘೋಷ್‌ರ 'ದಿ ಕಲ್ಕತ್ತಾ ಕ್ರೋಮೋಸೋಮ್', 1995. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ರೋನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡುಕೊಂಡ, 1902ರಲ್ಲಿ ನೊಬೆಲ್ ಪಡೆದ. ಸೇನೆಯ ವೈದ್ಯನಾಗಿ ಬೆಂಗಳೂರಿನಲ್ಲೂ ಇದ್ದವನು. ಇದು ಇತಿಹಾಸ. ಕಾದಂಬರಿ ಕೇಳುವುದು: ಅವನ ಲ್ಯಾಬ್ ಗುಡಿಸುತ್ತಿದ್ದವರಿಗೆ ಅವನಿಗಿಂತ ಮೊದಲೇ ಗೊತ್ತಿದ್ದರೆ? ಅವರೇ ಅವನನ್ನು ಆ ದಾರಿಗೆ ಹಚ್ಚಿದ್ದರೆ? ಗುಪ್ತ ಪಂಥ ಇದೆ, ಥ್ರಿಲ್ಲರ್ ವೇಗ ಇದೆ, ಆದರೂ ಕೊನೆಯಲ್ಲಿ ಎಲ್ಲ ಗಂಟು ಬಿಚ್ಚುವುದಿಲ್ಲ. ಎರಡನೇ ಗುಂಪಿನಿಂದ ಮೊದಲ ಗುಂಪಿಗೆ ದಾಟಲು ಇದಕ್ಕಿಂತ ಒಳ್ಳೆಯ ಸೇತುವೆ ನನಗೆ ಗೊತ್ತಿಲ್ಲ.

ಬುಲ್ಗಾಕೊವ್‌ನ 'ದಿ ಮಾಸ್ಟರ್ ಅಂಡ್ ಮಾರ್ಗರೀಟಾ' ಈ ಪ್ರಶ್ನೆಯನ್ನೇ ತಲೆಕೆಳಗು ಮಾಡುತ್ತದೆ. ದೇವರೂ ಇಲ್ಲ ದೆವ್ವವೂ ಇಲ್ಲ ಅಂತ ಸರ್ಕಾರವೇ ಹೇಳುವ ಮಾಸ್ಕೋಗೆ ಸೈತಾನನೇ ಬಂದು ಇಳಿಯುತ್ತಾನೆ. ಕೊಳದ ಪಕ್ಕ ಇಬ್ಬರು ಸಾಹಿತಿಗಳು ಯೇಸು ಹುಟ್ಟೇ ಇಲ್ಲ ಅಂತ ವಾದಿಸುತ್ತಿರುವಾಗ, ಸೈತಾನ ಬೆಂಚಿನ ಮೇಲೆ ಕೂತು ಕುತೂಹಲದಿಂದ ಕೇಳಿಸಿಕೊಳ್ಳುತ್ತಾನೆ. ಲೇಖಕ 1940ರಲ್ಲಿ ತೀರಿಕೊಂಡ. ಪುಸ್ತಕ ಅಚ್ಚಾದದ್ದು 1966-67ರಲ್ಲಿ, ಅದೂ ಕತ್ತರಿ ಹಾಕಿಸಿಕೊಂಡು. ನಗಬೇಕು ಅನ್ನಿಸಿದ ದಿನ ಇದನ್ನು ಎತ್ತಿಕೊಳ್ಳಿ.

ಗುಪ್ತವಿದ್ಯೆಯ ಹಿನ್ನೆಲೆ ತಿಳಿಯಬೇಕು ಅನ್ನುವವರಿಗೆ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. 1945ರಲ್ಲಿ ಅದನ್ನು ಕಟ್ಟಿದ ವಾಡಿಯಾ ಸ್ವತಃ ಥಿಯೊಸೊಫಿಸ್ಟ್, ಅಂದರೆ ಎಲ್ಲ ಧರ್ಮಗಳ ಹಿಂದೆಯೂ ಒಂದೇ ಗೂಢಜ್ಞಾನ ಇದೆ ಅನ್ನುವ ಪಂಥದವರು. ಅಲ್ಲಿನ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕೂತರೆ, 19ನೇ ಶತಮಾನದಲ್ಲಿ ಜನ ಇದನ್ನೆಲ್ಲ ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಅಂತ ಅಂದಾಜು ಸಿಗುತ್ತದೆ. ಎಕೊನ ನಗೆ ಆಮೇಲೆ ಇನ್ನೂ ಚುರುಕಾಗಿ ತಟ್ಟುತ್ತದೆ.

ಕನ್ನಡದ ಕಪಾಟು ಮರೆಯಬೇಡಿ

ಇದು ನನ್ನ ಹಳೇ ಜಗಳ. ಮಾರ್ಕೆಸ್ ಓದದಿದ್ದರೆ ನಾಚಿಕೆಪಡುವವರು 'ಕುಸುಮಬಾಲೆ' ಓದದಿದ್ದರೆ ನಾಚಿಕೆಪಡುವುದಿಲ್ಲ. ದೇವನೂರ ಮಹಾದೇವರ ಈ ಪುಟ್ಟ ಪುಸ್ತಕ 1984ರದ್ದು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾತ್ರಿ ಎಲ್ಲ ಮಲಗಿದ ಮೇಲೆ ಮನೆಮನೆಯ ದೀಪದ ಜೋತಮ್ಮಗಳು ಹೊರಗೆ ಬಂದು ಒಂದು ಕಡೆ ಸೇರಿ, ತಮ್ಮ ತಮ್ಮ ಮನೆಯ ಕಷ್ಟಸುಖ ಮಾತಾಡಿಕೊಳ್ಳುತ್ತವೆ. ಮನುಷ್ಯರು ಬಾಯಿ ಮುಚ್ಚಿಕೊಂಡ ಕೊಲೆಯ ಸುದ್ದಿ ಇಂಥ ಲೋಕದಲ್ಲಿ ಬಾಯಿಗೆ ಬರುತ್ತದೆ. ನಂಬುವವರು ಯಾರು ಅನ್ನುವ ಪ್ರಶ್ನೆ ಇಲ್ಲಿ ಜಾತಿಯ ಪ್ರಶ್ನೆಯೂ ಹೌದು. ನಂಜನಗೂಡು ಕಡೆಯ ಮಾತು ಕಣ್ಣಿಗೆ ಕಷ್ಟ. ಒಂದು ಪುಟ ಗಟ್ಟಿಯಾಗಿ ಓದಿಕೊಳ್ಳಿ, ಕಿವಿಗೆ ಸಲೀಸಾಗಿ ಇಳಿಯುತ್ತದೆ.

ಚಂದ್ರಶೇಖರ ಕಂಬಾರರ 'ಕರಿಮಾಯಿ' ಶಿವಾಪುರದ ದೇವಿಯ ಕಥೆ. ಪೇಟೆಯಲ್ಲಿ ಓದಿ ಬಂದ ಗುಡಸೀಕರ ಮತ್ತು ದೇವಿಯನ್ನು ನಂಬಿದ ಊರು, ಎರಡರ ನಡುವಿನ ಜಗ್ಗಾಟ. ಬ್ರಿಟಿಷರ ಕಾಲ ಬಾಗಿಲಲ್ಲಿ ನಿಂತಿದೆ, ಒಳಗೆ ಪುರಾಣ ನಡೆಯುತ್ತಿದೆ. ಅಲ್ಲಿಂದ ಮುಂದಕ್ಕೆ ದಪ್ಪನೆಯ 'ಶಿಖರಸೂರ್ಯ'ಕ್ಕೆ ಹೋಗಬಹುದು.

ರಾಘವೇಂದ್ರ ಪಾಟೀಲರ 'ತೇರು' ಇನ್ನೊಂದು. ಕದಲದ ತೇರಿಗೆ ನರಬಲಿ ಕೊಟ್ಟ ಕಥೆ, ಆ ರಕ್ತದ ಲೆಕ್ಕ ಮುಂದಿನ ತಲೆಮಾರುಗಳು ತೀರಿಸುವ ಬಗೆ. ಇದನ್ನು ಕಾರ್ಪೆಂಟಿಯರ್ ಪಕ್ಕ ಇಟ್ಟು ನೋಡಿ. ಅಲ್ಲಿ ಹೈತಿಯ ರಾಜ ಹೆನ್ರಿ ಕ್ರಿಸ್ತೋಫ್ ಬೆಟ್ಟದ ಮೇಲೆ ಕೋಟೆ ಕಟ್ಟಿಸುವಾಗ ಗಾರೆಗೆ ಹೋರಿಗಳ ರಕ್ತ ಬೆರೆಸುತ್ತಾರೆ. ಇಲ್ಲಿ ನಮ್ಮ ಬೆಂಗಳೂರಿನಲ್ಲೇ, ಕೋಟೆಯ ಬಾಗಿಲು ನಿಲ್ಲಲೆಂದು ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ಬಲಿಯಾದಳು ಅನ್ನುವ ಐತಿಹ್ಯ ಇದೆ. ಕೋರಮಂಗಲದಲ್ಲಿ ಆಕೆಯ ಸ್ಮಾರಕವೂ ಇದೆ. ಟ್ರಾಫಿಕ್ಕಿನಲ್ಲಿ ದಿನಾ ಅದರ ಹತ್ತಿರವೇ ಹಾದುಹೋಗುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ. ಕೋಟೆ ಕಟ್ಟಿದವರ ಹೆಸರು ಶಾಸನದಲ್ಲಿರುತ್ತದೆ, ಬಲಿಯಾದವರ ಹೆಸರು ಉಳಿಯುವುದು ಇಂಥ ಕಥೆಗಳಲ್ಲೇ.

ಕೊಳ್ಳುವಾಗ

ಯಾವ ಅನುವಾದ ಅಂತ ನೋಡದೆ ದುಡ್ಡು ಕೊಡಬೇಡಿ. ಬುಲ್ಗಾಕೊವ್‌ನ ಹಳೇ ಇಂಗ್ಲಿಷ್ ಪ್ರತಿಗಳಲ್ಲಿ ಮಿರಾ ಗಿನ್ಸ್‌ಬರ್ಗ್ ಅನುವಾದ ಓದಲು ಸೊಗಸು. ಆದರೆ ಅದು ಕತ್ತರಿ ಬಿದ್ದ ಸೋವಿಯತ್ ಪಠ್ಯದಿಂದ ಮಾಡಿದ್ದು. ಪೂರ್ತಿ ಪಠ್ಯ ಬೇಕಾದರೆ ಪೆವಿಯರ್ ಮತ್ತು ವೊಲೊಖೊನ್‌ಸ್ಕಿ ಜೋಡಿಯ 1997ರ ಅನುವಾದ ಹುಡುಕಿ. ಮೆಕ್ಸಿಕೊದ ಹುವಾನ್ ರುಲ್ಫೊನ 'ಪೆದ್ರೊ ಪಾರಾಮೊ' ಕಾದಂಬರಿಗೆ 2023ರಲ್ಲಿ ಹೊಸ ಅನುವಾದ ಬಂದಿದೆ.

ಶೆಹಾನ್ ಕರುಣತಿಲಕ ಅವರ 'ದಿ ಸೆವೆನ್ ಮೂನ್ಸ್ ಆಫ್ ಮಾಲಿ ಅಲ್ಮೇಡಾ' 2022ರಲ್ಲಿ ಬೂಕರ್ ಗೆದ್ದಿತು. ಸತ್ತ ಫೋಟೋಗ್ರಾಫರ್ ಒಬ್ಬ 1990ರ ಕೊಲಂಬೊದಲ್ಲಿ ತನ್ನನ್ನು ಕೊಂದವರನ್ನು ಹುಡುಕುವ ಕಥೆ. ಇದರ ಮೊದಲ ರೂಪ ಭಾರತದಲ್ಲಿ 2020ರಲ್ಲೇ 'ಚಾಟ್ಸ್ ವಿತ್ ದಿ ಡೆಡ್' ಅನ್ನುವ ಹೆಸರಲ್ಲಿ ಬಂದಿತ್ತು. ಬೇರೆ ಪುಸ್ತಕ ಅಂದುಕೊಂಡು ಎರಡನ್ನೂ ಕೊಳ್ಳಬೇಡಿ.

ಮಾರ್ಕೆಸ್‌ನ ಪ್ರತಿಯಲ್ಲಿ ಮೊದಲಿಗೆ ವಂಶವೃಕ್ಷ ಇದೆಯಾ ನೋಡಿಕೊಳ್ಳಿ. ಕರ್ನಲ್ ಔರೆಲಿಯಾನೊನ 17 ಗಂಡುಮಕ್ಕಳ ಹೆಸರೂ ಔರೆಲಿಯಾನೊ. ವಂಶವೃಕ್ಷದ ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಂಡರೆ ಪ್ರತಿಸಲ ಹಿಂದಕ್ಕೆ ತಿರುವುವ ಕಷ್ಟ ತಪ್ಪುತ್ತದೆ. ಕನ್ನಡದಲ್ಲೇ ಓದುವವರಿಗೆ ಎ.ಎನ್. ಪ್ರಸನ್ನ ಅವರ ಅನುವಾದ ಇದೆ. ಇನ್ನೊಂದು ವಿಷಯ, ಆ ಮನೆಯಲ್ಲಿ ತಲೆಮಾರುಗಳಿಂದ ಯಾರೂ ಓದಲಾಗದ ಹಸ್ತಪ್ರತಿ ಒಂದಿದೆಯಲ್ಲ, ಅದು ಯಾವ ಭಾಷೆಯಲ್ಲಿದೆ ಗೊತ್ತಾ? ಸಂಸ್ಕೃತದಲ್ಲಿ.

ಹಳೇ ಪ್ರತಿಗೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಮತ್ತು ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಪಕ್ಕದ ಸಂದಿಯಲ್ಲಿ 1945ರಿಂದ ಇರುವ ಸೆಲೆಕ್ಟ್. ಕನ್ನಡಕ್ಕೆ ಗಾಂಧಿ ಬಜಾರ್‌ನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆಗಳು. ದುಡ್ಡು ಹಾಕುವ ಮುಂಚೆ ಓದಿ ನೋಡಬೇಕೆಂದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ ಇದ್ದೇ ಇದೆ.

ಇಷ್ಟಾದರೂ ತೀರ್ಮಾನ ಆಗದಿದ್ದರೆ

ಸಣ್ಣದನ್ನು ತೆಗೆದುಕೊಳ್ಳಿ. ರಶ್ದಿಯ 'ಮಿಡ್‌ನೈಟ್ಸ್ ಚಿಲ್ಡ್ರನ್' ಮತ್ತು ಕಾರ್ಪೆಂಟಿಯರ್‌ನ 'ಕಿಂಗ್‌ಡಮ್ ಆಫ್ ದಿಸ್ ವರ್ಲ್ಡ್' ನಡುವೆ ಗೊಂದಲ ಇದ್ದರೆ ಎರಡನೆಯದು. ತೊಕಾರ್ಚುಕ್ ಮತ್ತು ಘೋಷ್ ನಡುವೆ ಇದ್ದರೆ ಘೋಷ್. ಮಾರ್ಕೆಸ್ ಮತ್ತು ರುಲ್ಫೊ ನಡುವೆ ಇದ್ದರೆ ರುಲ್ಫೊ, ಎರಡು ಮಾತಿಲ್ಲ. 1955ರ ಆ ಪುಸ್ತಕ ನೂರಿಪ್ಪತ್ತು ಪುಟದ ಆಸುಪಾಸು, ಭಾನುವಾರ ಒಂದರಲ್ಲಿ ಮುಗಿಯುತ್ತದೆ. ಸಾಯುವ ತಾಯಿಗೆ ಕೊಟ್ಟ ಮಾತಿಗಾಗಿ ಮಗ ಅಪ್ಪನನ್ನು ಹುಡುಕಿಕೊಂಡು ಕೊಮಾಲಾ ಅನ್ನುವ ಊರಿಗೆ ಹೋಗುತ್ತಾನೆ. ದಾರಿ ತೋರಿಸಿದವನು, ಮಲಗಲು ಜಾಗ ಕೊಟ್ಟ ಹೆಂಗಸು, ಗೋಡೆಯಾಚೆ ಮಾತಾಡುವವರು, ಇವರಲ್ಲಿ ಯಾರು ಬದುಕಿದ್ದಾರೆ ಅಂತ ಪೆನ್ಸಿಲ್‌ನಲ್ಲಿ ಅಂಚಿಗೆ ಗುರುತು ಹಾಕುತ್ತಾ ಓದಿ. ಪುಸ್ತಕದ ನಡುವೆ ಬರುವ ಹೊತ್ತಿಗೆ ಹಾಕಿದ ಗುರುತುಗಳನ್ನೆಲ್ಲ ಅಳಿಸಬೇಕಾಗುತ್ತದೆ. ಅದಕ್ಕೇ ಪೆನ್ ಬೇಡ ಅಂದಿದ್ದು.